ಗಾಳಿ ಬೀಸೂ ಗಿರಣಿ

ಇಪ್ಪತ್ತೆರಡು ವರ್ಷ ಜ್ವಾಳ ಬೀಸೀನಿ,
ಮೋಟರಿನ ಮಾತು ನನಗ ಹೊಸಾದಲ್ಲ.
ಬೆಲ್ಟು ಸಡಲಾದ್ರ ಹ್ಯಾಂಗ ಗೊಣಗ್ತದ,
ಬೇರಿಂಗು ಒಣಗಿದ್ರ ಹ್ಯಾಂಗ ಚೀರ್ತದ,
ಕಣ್ಣು ಮುಚ್ಚಿ ಹೇಳ್ತೀನಿ.
ಆದ್ರ ಹವಾ ಹಿಂಡೂ ಮಷೀನು
ನಾ ಎಂದೂ ಕೊಂಡಾಕಿ ಅಲ್ಲ.

ಮಗಳು ಭಾಗ್ಯವಂತಿ ಹತ್ತು ಮೀಟರಿನಾಚಿ
ಸಾಸಿವಿಗಿಂತ ಸಣ್ಣ ಚುಕ್ಕಿಗೆ ಗುರಿ ಇಡ್ತಾಳ.
ರೈಫಲ್ಲಿನ ಕೆಳಗ ಕೊಳಲಿನಂಥ ಸಿಲಿಂಡರು,
ಅದರಾಗ ಇನ್ನೂರು ಬಾರ್ ಹವಾ.
ಲಾರಿ ಟೈರಿಗೆ ಎಂಟು ಸಾಕು,
ನೀವ ಲೆಕ್ಕಾ ಮಾಡ್ರಿ.

ಇಷ್ಟು ದಿನ ಕೈಪಂಪು.
ಶಹಾಬಾದ ಪರಸಿ ಮ್ಯಾಲ ಎರಡೂ ಪಾದ ಊರಿ
ಒಂದಿಷ್ಟು ಅಕಿ, ಒಂದಿಷ್ಟು ನಾನು.
ನೂರೈವತ್ತು ದಾಟಿತಂದ್ರ
ಇಡೀ ಮೈ ಹಾಕಿದ್ರೂ ಹಿಡಿಕಿ ಇಳಿಯವಲ್ದು.
ಆಮ್ಯಾಲ ತೋಳು ಸಂಜಿತನಕ ನಡಗ್ತದ.
ಗುರಿಗೆ ಹವಾ ಬೇಕು,
ಹವಾ ತುಂಬಿದ ಕೈಗೆ ಗುರಿ ನಿಲ್ಲವಲ್ದು.

ಅಂಗಡ್ಯಾಂವ ಮೈದುನನ ಮಾರಿ ನೋಡಿ ಮಾತಾಡಿದ.
"ಇದು ಕಾರಿನ ಬ್ಯಾಟರಿಗೂ ನಡೀತದ ಸರ್,
ಕೈಯಾಗ ಹಿಡಕೊಂಡು ಹೋಗಬಹುದು."
ಮೈದುನ ನನ್ನ ಮಾರಿ ನೋಡಿದ.
ಎಷ್ಟು ಹೊತ್ತು ಓಡಿದ್ರ ಕಾಯ್ತದ? ಅಂದೆ.
ಏಪ್ರಿಲ್ ಬಂದ್ರ ನಮ್ಮ ಕಲಬುರಗ್ಯಾಗ
ನೆರಳಿನ ಕಬ್ಬಿಣಾನೂ ಮುಟ್ಟಂಗಿಲ್ಲ.
ಮತ್ತ, ನೀರು ಎಲ್ಲಿಂದ ಹೊರಗ ಹೋಗ್ತದ?
"ನೀರಾ?" ಅಂದ.
ಚಾ ಬರೋದರೊಳಗ ಎದ್ದು ಬಂದೆ.

ಹವಾ ಹಿಂಡಿದ್ರ ನೀರು ಬರ್ತದ.
ತೋಯ್ದ ಜ್ವಾಳ ಬೀಸಿ
ಕಲ್ಲಿಗೆ ಮೆತ್ತಿಸಿಕೊಂಡು ಅತ್ತಾಕಿ ನಾನು,
ಹಸಿ ಅಂದ್ರ ಏನಂತ
ನನಗ ಯಾರೂ ಕಲಿಸಬೇಕಾಗಿಲ್ಲ.

ಬಾಜೂಮನಿ ಪುಂಡಲೀಕ ಅಂದ:
"ದವಾಖಾನಿ ಆಕ್ಸಿಜನ್ ತುಂಬಸ್ರಿ ಅಕ್ಕ, ಅದೂ ಹವಾನ ಅಲ್ಲೇನು?"
ಫೈರ್ ಬ್ರಿಗೇಡಿನಾಗ ಮೂವತ್ತು ವರ್ಷ
ಸಿಲಿಂಡರು ತುಂಬಿದ ಖದೀರಸಾಬ
ಅದನ್ನ ಕೇಳಿ ಬೀಡಿ ಆರಿಸಿದ್ರು.
"ಎಣ್ಣಿ ಹತ್ತಿದಲ್ಲಿ ಆಕ್ಸಿಜನ್ ಹೊಕ್ಕಿತಂದ್ರ
ಗುರಿನೂ ಇಲ್ಲ, ಮಗಳೂ ಇಲ್ಲ ಬೆಹೆನ್."

ಅವರ ಕಡಿಂದಲೇ ಕೊಂಡೆ:
ಹಳೇದು, ಭಾರ, ಬಣ್ಣ ಹೋದದ್ದು,
ನೀರಿನಾಗ ಮೈ ತಣಿಸಿಕೊಳ್ಳೋದು,
ಹಸಿ ಕುಡಿಯೋ ಉದ್ದನ್ನ ಫಿಲ್ಟರು ಬ್ಯಾರೆ.
ರೊಕ್ಕಕ್ಕ ಎರಡು ಬಿಲ್ವಾರ ಒತ್ತಿ ಬಿದ್ದಾವ,
ಅದು ಇರಲಿ.

ಗಿರಣ್ಯಾಗ ಜಾಗಾ ತೋರಿಸ್ದೆ.
ಖದೀರಸಾಬ ಮೂಲಿ ಮೂಲಿ ಬೆರಳಾಡಿಸಿ
ಬಿಳೀ ಆದ ಬೆರಳು ನನಗ ತೋರಿಸಿದ್ರು.
"ಈ ಹವಾ ಮಷೀನಿಗೆ ನಡೆಯಂಗಿಲ್ಲ.
ಎದಿ ಕೆಡ್ತದ ಅದರದು."
ನಾನೂ ಮಗಳೂ
ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.
ಮಾಳಗಿ ಮ್ಯಾಲ ಒಯ್ದು ಇಟ್ವಿ.

ಬಕೀಟಿನಾಗ ನೀರು, ನೀರಿನಾಗ
ಸೋಡಾ ಅಂಗಡಿಯ ಬರ್ಫು.
ಮುಳ್ಳು ಎದ್ದಿತು: ಐವತ್ತು, ನೂರು.
ಐದೈದು ನಿಮಿಷಕ್ಕ ನಲ್ಲಿ ತಿರುವಿದ್ರ
ಬುಸ್ಸಂತ ಒಂದು ಚಮಚಾ ಬೂದಿ ನೀರು.
ನೂರಾ ಎಂಬತ್ತಕ್ಕ ಕರೆಂಟು ಹೋಯ್ತು,
ಎಂದಿನಂಗ.
ಮುಳ್ಳು ಮಾತ್ರ ಅಲ್ಲೇ ನಿಂತಿತ್ತು,
ಕೂದಲಷ್ಟೂ ಇಳೀಲಿಲ್ಲ.
ಕತ್ತಲದಾಗ ಇಬ್ಬರೂ
ಮೊಬೈಲ್ ಬೆಳಕು ಹಿಡಿದು
ಅದನ್ನ ನೋಡ್ಕೋತ ಕುಂತ್ವಿ.

ಮರುದಿನ ಅಕಿ ತೋಳು ನಡಗಲಿಲ್ಲ.
ಟಪ್.
ಕಲ್ಲಿನ ಬಾಯಿ ತಪ್ಪಿ ಪರಸಿಗೆ ಬಿದ್ದ
ಒಂದು ಕಾಳಿನಷ್ಟು ಸಪ್ಪಳ.

ಈಗ ಹಿಟ್ಟಿಗೆ ಬಂದಾಕಿ ಯಾಕೋ ಮ್ಯಾಲ ನೋಡ್ತಾಳ.
"ಅದ್ಯಾವ ಮಷೀನ ಗುರುಬಾಯಿ?"
ಅದೂ ಗಿರಣಿನ.
"ಏನ ಬೀಸ್ತದ?"
ಗಾಳಿ.
"ಹುಚ್ಚಿ, ಗಾಳಿ ತಾನಾ ಬೀಸ್ತದಲ್ಲ!"
ಬುಟ್ಟಿ ಅಲ್ಲಿಡು.
ನಿನ್ನ ಪಾಳಿ ನಾಕನೇದು.